ಎಂಟರಲ್ಲಿ ನಾಲ್ಕು

ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವನಿಗೆ ವಾಕರಿಕೆ ಬಂದಿತ್ತು. ಸಿಂಕಿನ ತೂತಿನಲ್ಲಿ ಹೆಂಡತಿಯದೋ ಮಗಳದೋ ಕೂದಲಿನ ಉಂಡೆಯೊಂದು ಸಿಕ್ಕಿಕೊಂಡು, ಅದರ ಸುತ್ತ ಸೋಪಿನ ಲೋಳೆ ಕಟ್ಟಿ, ಉಗಿದ ನೀರು ಇಳಿಯಲಾರದೆ ಅಲ್ಲೇ ನಿಂತು ಬಿಳಿಚಿಕೊಂಡಿತ್ತು. ಬೆರಳು ಹಾಕಿ ಎಳೆದ. ಉದ್ದಕ್ಕೆ ಬಂತು, ಇನ್ನೂ ಉದ್ದಕ್ಕೆ ಬಂತು. ಒಂದು ಮನೆಯ ಮೂರು ಜನ ಸೇರಿ ಇಷ್ಟು ಹೊಲಸನ್ನು ಇಷ್ಟು ಸದ್ದಿಲ್ಲದೆ ತಯಾರಿಸಬಲ್ಲರೆಂದು ಅವನು ಎಣಿಸಿರಲಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಮತ್ತೆ ಮತ್ತೆ ಕೈ ತೊಳೆದರೂ ಬೆರಳ ಸಂದಿಯಲ್ಲಿ ಆ ಜಾರುವ ಸ್ಪರ್ಶ ಉಳಿದೇಬಿಟ್ಟಿತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ರೀ, ಇವತ್ತು ಭಾವನ ಮನೆಗೆ ಬೀಗರಾಗೋರು ಬರ್ತಿದಾರೆ, ನೆನಪಿದೆ ತಾನೆ? ಅಕ್ಕ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ವಂತೆ. ಹನ್ನೊಂದರ ವಿಮಾನಕ್ಕೇ ಬರೋದು. ನಿಮ್ಮ ಮೋಡ ಗೀಡ ಏನೂ ಅಡ್ಡ ಬರದೆ ಇರಲಿ."

"ನನ್ನ ಮೋಡವೇನೇ ಅದು?"

"ಮತ್ತೆ ಯಾರದು? ಅದಕ್ಕೆ ಸಂಬಳ ತಗೊಳ್ಳೋರು ನೀವು."

ಮಗಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ, ನಗದಿದ್ದರೆ ಮಾತು ಬೆಳೆಯುತ್ತದೆಂದು. ಕಾಫಿಯ ಮೇಲಿನ ಕೆನೆ ತುಟಿಗೆ ಅಂಟಿಕೊಂಡಿತು. ಒರೆಸಿಕೊಂಡರೆ ಬೆರಳಿಗೆ, ಬೆರಳು ಒರೆಸಿದರೆ ಬಟ್ಟೆಗೆ. ಹೀಗೆ ಒಂದು ಕೊಳೆ ಜಾಗ ಬದಲಾಯಿಸುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡು ಅವನು ಎದ್ದು ಕೆಲಸಕ್ಕೆ ಹೊರಟ.

ಕೆಲಸವೆಂದರೆ ಆಕಾಶ ನೋಡುವುದು. ಊರ ಹೊರಗಿನ ಚಿಕ್ಕ ವಿಮಾನ ನಿಲ್ದಾಣದಲ್ಲಿ ಟವರಿನ ಕೆಳಗಿನ ಕೋಣೆ ಅವನದು; ಗಾಳಿ ಎತ್ತಣಿಂದ ಬೀಸುತ್ತಿದೆ, ಎಷ್ಟು ದೂರ ಕಾಣಿಸುತ್ತದೆ, ಮೋಡ ಎಷ್ಟು ಮೇಲಿದೆ, ಎಷ್ಟು ಮುಚ್ಚಿದೆ ಎಂದು ನೋಡಿ ಮೇಲಿನ ಟವರಿಗೆ ಹೇಳಬೇಕು, ಟವರಿನವನು ಅದನ್ನು ವಿಮಾನಕ್ಕೆ ಹೇಳಬೇಕು. ನಿಲ್ದಾಣದಲ್ಲಿ ಅವನಿಗೆ ಮೋಡಪ್ಪ ಎಂದೇ ಹೆಸರು. ಆ ಹೆಸರಿಟ್ಟವರು ಸ್ವತಃ ಮ್ಯಾನೇಜರು, ಅಂದರೆ ಹೆಂಡತಿಯ ಅಕ್ಕನ ಗಂಡ, ಅಂದರೆ ಅವನ ಷಡ್ಡಕ. ಮನೆಯಲ್ಲಿ ಅವರು ಭಾವ, ಗೇಟು ದಾಟಿದ ಮೇಲೆ ಸಾರ್. ಈ ಎರಡರ ನಡುವೆ ಒಂದು ಸೈಕಲ್ ಸ್ಟ್ಯಾಂಡು ಮಾತ್ರ ಇತ್ತು, ಅಲ್ಲಿ ಸಿಕ್ಕಿದರೆ ಏನೆಂದು ಕರೆಯಬೇಕೋ ತಿಳಿಯದೆ ಅವನು ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ದೂರದ ಯಾವುದೋ ಮೂಲೆಯಲ್ಲಿ ಕೊಳೆಯುತ್ತಿದ್ದವನನ್ನು ಇಲ್ಲಿಗೆ ವರ್ಗ ಮಾಡಿಸಿ, ಇರಲು ಕ್ವಾರ್ಟರ್ಸು ಕೊಡಿಸಿದವರು ಅವರೇ. ಅದನ್ನು ಅವರು ಎಂದೂ ಎತ್ತಿ ಆಡಿದವರಲ್ಲ. ಆಡದೆ ಇರುವುದನ್ನೇ ದಿನವೂ ಕೇಳಿಸುವಂತೆ ಮಾಡುತ್ತಿದ್ದರು.

ಮೋಡದ ಎತ್ತರ ಅಳೆಯಲು ಯಂತ್ರವಿದೆ. ರನ್‌ವೇ ಪಕ್ಕದ ಹುಲ್ಲಿನಲ್ಲಿ ನಿಂತು ಮೇಲಕ್ಕೆ ಬೆಳಕಿನ ಎಳೆ ಬಿಡುತ್ತದೆ, ಅದು ಮೋಡದ ತಳಕ್ಕೆ ತಾಗಿ ಮರಳುವ ಹೊತ್ತನ್ನು ಹಿಡಿದು ಇಷ್ಟು ಅಡಿ ಎಂದು ಹೇಳುತ್ತದೆ. ಆದರೆ ಅದಕ್ಕೆ ತನ್ನ ನೆತ್ತಿಯ ಮೇಲಿನದಷ್ಟೇ ಗೊತ್ತು. ಆಕಾಶವೆಲ್ಲ ಎಷ್ಟು ಮುಚ್ಚಿದೆ ಎನ್ನುವುದಕ್ಕೆ ಈ ನಿಲ್ದಾಣದಲ್ಲಿ ಮನುಷ್ಯನ ಕಣ್ಣೇ ಆಗಬೇಕು. ಇಡೀ ಆಕಾಶವನ್ನು ಮನಸ್ಸಿನಲ್ಲಿ ಎಂಟು ಪಾಲು ಮಾಡಬೇಕು. ಅದರಲ್ಲಿ ನಾಲ್ಕು ಪಾಲು ಮುಚ್ಚಿದ್ದರೆ ಅದು ಬರೀ ಮೋಡ. ಐದಾದರೆ, ಅಂದರೆ ಅರ್ಧ ದಾಟಿದರೆ, ಅದಕ್ಕೆ ಸೀಲಿಂಗ್ ಎಂದು ಹೆಸರು. ಸೀಲಿಂಗ್ ತಗ್ಗಿದ್ದರೆ ವಿಮಾನ ಹೊರಡುವುದಿಲ್ಲ, ಹೊರಟಿದ್ದರೆ ಬೇರೆ ಊರಿಗೆ ತಿರುಗುತ್ತದೆ. ಮೋಡ ಅದೇ, ಅದೇ ಎತ್ತರದಲ್ಲೇ ಇದೆ. ನಾಲ್ಕೆಂದರೆ ಬನ್ನಿ, ಐದೆಂದರೆ ಬೇಡಿ. ಇಡೀ ನಿಲ್ದಾಣದ ಮಾನ ಮರ್ಯಾದೆ ಈ ಒಂದು ಪಾಲಿನ ಮೇಲೆ ನಿಂತಿತ್ತು, ಮತ್ತು ಆ ಒಂದು ಪಾಲು ಅವನ ನಾಲಿಗೆಯ ಮೇಲಿತ್ತು.

ಮೊದಲ ಸಲ ನಾಲ್ಕು ಎಂದದ್ದು ಇಲ್ಲಿಗೆ ವರ್ಗವಾಗಿ ಬಂದ ಹೊಸತರಲ್ಲಿ. ಷಡ್ಡಕರು ಬೆಂಕಿಕಡ್ಡಿಯಿಂದ ಹಲ್ಲು ಕೆದಕುತ್ತಾ ಅವನ ಕೋಣೆಗೆ ಬಂದಿದ್ದರು, ಕಿಟಕಿಯಿಂದ ಒಮ್ಮೆ ಇಣುಕಿದ್ದರು. "ಅಯ್ಯೋ ಮೋಡಪ್ಪ, ಐದು ಅಂತೀಯಾ? ಅರ್ಧಕ್ಕೆ ಒಂದು ಚೂರು ಹೆಚ್ಚು ಅಂತ ಯಾವನು ಮೇಲೆ ಹತ್ತಿ ಅಳೀತಾನೆ? ವಿಮಾನ ತಿರುಗಿ ಹೋದ್ರೆ ಇಲ್ಲಿ ಕಾದಿರೋ ಜನ ನನ್ನ ಕುತ್ತಿಗೆಗೆ ಬರ್ತಾರೆ, ನಿನ್ನ ಕುತ್ತಿಗೆಗಲ್ಲ. ವಿಮಾನ ಓಡಿಸೋರಿಗೆ ಕೆಳಗೆ ಬಂದು ನೆಲ ಕಾಣದೆ ಇದ್ರೆ ಎತ್ಕೊಂಡು ಮೇಲೆ ಹೋಗ್ತಾರಪ್ಪ, ಅದಕ್ಕೇ ತಾನೆ ಪೈಲಟ್ ಅಂತ ಇಟ್ಟಿರೋದು?" ಎಂದು ಕಡ್ಡಿಯ ತುದಿಯನ್ನು ಕಿಟಕಿಯ ಪರದೆಗೆ ಒರೆಸಿದ್ದರು. ಆ ಕಲೆ ಇನ್ನೂ ಇತ್ತು. ಪರದೆ ಒಗೆಯಲು ಹೋದದ್ದು ಎಷ್ಟು ಸಲವೋ, ಬಂದು ಮತ್ತೆ ತೂಗಿದಾಗ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಆ ಜಾಗಕ್ಕೆ. ಅಂದು ಅವನು ನಾಲ್ಕು ಎಂದ. ವಿಮಾನ ಇಳಿಯಿತು. ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದೇ ದೊಡ್ಡ ಕೇಡಾಯಿತು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ. ಆಗ ಸಂಜೆ ಮನೆಗೆ ಹೋಗಿ ಹೊಟ್ಟೆತುಂಬ ಉಂಡಿದ್ದ.

ಅಪ್ಪ ದರ್ಜಿ. ಕಣ್ಣಳತೆಯವನು ಎಂದೇ ಹೆಸರಾದವನು. ಬಾಗಿಲಲ್ಲಿ ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲಾ ಅವನ ಕಣ್ಣಿಗೆ ಬಂದಿರುತ್ತಿತ್ತು. ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ. ದಪ್ಪಗಿನ ಹೆಂಗಸರು ಬಂದರೆ ಅಪ್ಪ ಟೇಪು ಸುತ್ತಿ, ಅವರಿಗೆ ಕೇಳಿಸುವಂತೆ ಎರಡಿಂಚು ಕಡಿಮೆ ಹೇಳುತ್ತಿದ್ದ. ಅವರು ಅರಳುತ್ತಿದ್ದರು. ಅವರು ಹೋದ ಮೇಲೆ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಎಳೆಯುತ್ತಿದ್ದ ಗೆರೆ ಮಾತ್ರ ಸರಿಯಾದ ಅಳತೆಯದು. "ಬಾಯಿಗೊಂದು ಅಳತೆ, ಕತ್ತರಿಗೊಂದು ಅಳತೆ ಕಣೋ. ಕತ್ತರಿಗೆ ಸುಳ್ಳು ಹೇಳಿದ್ಯೋ, ಅಂಗಡಿ ಮುಚ್ಚಿದೆ ಅಂತ ತಿಳ್ಕೋ" ಎನ್ನುತ್ತಿದ್ದ, ಬಾಯ ತುಂಬ ಗುಂಡುಸೂಜಿ ಕಚ್ಚಿಕೊಂಡು. ಆ ಮಾತಿನ ಮೇಲೆ ಮಗ ಎಷ್ಟೋ ವರ್ಷ ಜೀವನ ಸಾಗಿಸಿದ್ದ. ಬಾಯಲ್ಲಿ ನಾಲ್ಕು ಎನ್ನುವಾಗ ಒಳಗೆ, ಯಾರಿಗೂ ಕಾಣದಲ್ಲಿ, ಆರು ಎಂದೋ ಏಳು ಎಂದೋ ಒಂದು ಗೆರೆ ಎಳೆದುಕೊಳ್ಳುತ್ತಿದ್ದ. ನಿಜ ನನ್ನ ಹತ್ತಿರ ಭದ್ರವಾಗಿದೆ, ಕೊಟ್ಟದ್ದು ಬರೀ ದಾಕ್ಷಿಣ್ಯ ಎಂದು ಒಂದು ಬಗೆಯ ಗರ್ವ ಕೂಡ ಪಡುತ್ತಿದ್ದ. ಆ ಗೆರೆ ಎಳೆಯುವುದು ಯಾವಾಗ ನಿಂತಿತು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಅದು ನಿಂತ ದಿನವೂ ಸಂಜೆ ಮನೆಗೆ ಹೋಗಿ ಉಂಡಿರಬೇಕು.

ಇಂದು ಬೆಳಿಗ್ಗೆ ಕೋಣೆಯ ಬೀಗ ತೆಗೆದು ಕೂರುವಷ್ಟರಲ್ಲಿ ಟವರಿನವನ ದನಿ ಮೇಜಿನ ಮೇಲಿನ ಮಾತಿನ ಡಬ್ಬಿಯಿಂದ ಬಂದಿತ್ತು. "ಗುರುಗಳೇ, ವಿಮಾನದೋರು ಆ ಊರಿಂದ ಹೊರಡೋಕೆ ಮುಂಚೆ ಕೇಳ್ತಿದಾರೆ. ಎಷ್ಟು ಹೇಳಲಿ?" ಯಂತ್ರ ಆರುನೂರು ಅಡಿ ತೋರಿಸುತ್ತಿತ್ತು. "ನಾಲ್ಕು" ಎಂದ. ಎಂದಮೇಲೆ ಕಿಟಕಿಯ ಕಡೆ ನೋಡಿದ, ನೋಡಿದ ಮೇಲೆ ಎಂದದ್ದಲ್ಲ. ಎಡಗೈಯಲ್ಲಿ ಪೆನ್ನಿನ ಮುಚ್ಚಳವಿತ್ತು, ಅದರಿಂದ ಕಿವಿ ಕೆರೆದುಕೊಳ್ಳುತ್ತಿದ್ದ; ಅದನ್ನು ಕಂಡು ತನಗೇ ಹೇಸಿಗೆಯಾಗಿ ಮುಚ್ಚಳವನ್ನು ಡ್ರಾಯರಿನೊಳಗೆ ಎಸೆದ. ಅಷ್ಟರಲ್ಲಿ ಅವನ ನಾಲ್ಕು ಹೊರಟುಹೋಗಿತ್ತು. ಆ ಊರಿನಲ್ಲಿ ಯಾರೋ ಅದನ್ನು ನಂಬಿ ಇಷ್ಟೇ ಎಣ್ಣೆ ಸಾಕೆಂದಿರುತ್ತಾರೆ, ಜನ ಬೆಲ್ಟು ಬಿಗಿದುಕೊಂಡಿರುತ್ತಾರೆ, ಅವರಲ್ಲಿ ಷಡ್ಡಕರ ಬೀಗರಾಗುವವರು ಹೊಸ ಬಟ್ಟೆಯಲ್ಲಿ ಕೂತಿರುತ್ತಾರೆ.

ಆಮೇಲೆ ಆ ಪೈಲಟ್ ಹೆಂಗಸು ನೆನಪಾದಳು. ನೆನಪಾಗುವುದೇನು, ಒಂದು ವಾರದಿಂದ ಅವಳು ಅವನ ಮೂಗಿನಲ್ಲೇ ಇದ್ದಳು. ಅವಳು ವಿಮಾನ ತಂದ ದಿನವೂ ನಾಲ್ಕು ಎಂದಿದ್ದ. ವಿಮಾನ ಮೋಡದೊಳಗಿಂದ ಇಳಿದು, ನೆಲ ಕಾಣದೆ, ಮೈನಡುಗುವ ಸದ್ದು ಮಾಡಿ ಮತ್ತೆ ಮೇಲೆದ್ದಿತ್ತು. ಎರಡನೆಯ ಸಲ ಇಳಿಯಿತು. ಜನ ಬೈದುಕೊಂಡು ಹೊರಟ ಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಗಿ ಅವಳು ಅವನ ಕೋಣೆಯ ಬಾಗಿಲಲ್ಲಿ ನಿಂತಳು. ನಡುವಯಸ್ಸು, ಕೂದಲು ಹಿಂದಕ್ಕೆ ಬಿಗಿದಿತ್ತು, ತೋಳಿನ ಮೇಲೆ ಒದ್ದೆ. ವಾಂತಿ ಮಾಡಿಕೊಂಡ ಯಾವುದೋ ಮಗುವನ್ನು ಇಳಿಸುವಾಗ ತಾಗಿಸಿಕೊಂಡು, ನೀರು ಹಾಕಿ ಉಜ್ಜಿದ್ದಳೆಂದು ಕಾಣುತ್ತದೆ. ಹುಳಿ ವಾಸನೆ ಕೋಣೆ ತುಂಬಿತು. ಬೈಯುತ್ತಾಳೆಂದು ಅವನು ಎದ್ದು ನಿಂತ. ಅವಳು ಬೈಯಲಿಲ್ಲ. "ಸ್ವಲ್ಪ ನೀರು ಕೊಡ್ತೀರಾ?" ಎಂದಳು. ಕೋಣೆಯಲ್ಲಿದ್ದದ್ದು ಒಂದೇ ಲೋಟ, ಅವನದು, ಅಂಚಿಗೆ ಕಾಫಿಯ ಕಂದು ಬಳೆ ಕಟ್ಟಿದ್ದು. ತೊಳೆದು ಕೊಡಬೇಕೆಂದು ಹೊಳೆಯುವ ಮೊದಲೇ ಕೊಟ್ಟುಬಿಟ್ಟಿದ್ದ. ಅವಳು ಅದನ್ನು ನೋಡಿದಳು, ನೋಡಿಯೂ ಗಟಗಟನೆ ಕುಡಿದಳು.

"ಇಲ್ಲಿಂದಲೇ ನೋಡ್ತೀರಾ?" ಎಂದು ಕಿಟಕಿ ತೋರಿಸಿ ಕೇಳಿದಳು.

"ಹೊರಗೂ ಹೋಗ್ತೀನಿ" ಎಂದ. ಹೋಗದೆ ಎಷ್ಟು ಕಾಲವಾಗಿತ್ತೋ.

"ತಪ್ಪು ಹಿಡಿಯೋಕೆ ಬಂದಿಲ್ಲ ನಾನು. ಮೋಡದೊಳಗಿಂದ ಇಳಿಯೋದು ಅಂದ್ರೆ ಕತ್ತಲಲ್ಲಿ ಮೆಟ್ಟಿಲು ಇಳಿದ ಹಾಗೆ ನೋಡಿ. ಎಲ್ಲಿ ಮುಗಿಯುತ್ತೆ ಅಂತ ಗೊತ್ತಿದ್ರೆ ಕಾಲು ತಾನಾಗೇ ಹುಷಾರಾಗುತ್ತೆ. ನಮಗೆ ಇಂತಿಷ್ಟೇ ಇಳಿಯಬೇಕು, ಕಾಣದಿದ್ರೆ ತಿರುಗಬೇಕು ಅಂತ ಗೆರೆ ಇದೆ, ಇಲ್ಲ ಅಂತಲ್ಲ. ಆದರೆ ನೀವು ಅರ್ಧ ತೆರೆದಿದೆ ಅಂದಿರ್ತೀರಿ. ಆ ಗೆರೆ ಹತ್ತಿರ ಬಂದಾಗ, ಇನ್ನೇನು ಕಾಣುತ್ತೆ, ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಒಂದು ಆಸೆ ಹುಟ್ಟುತ್ತೆ. ಈ ಕಡೆ ಗುಡ್ಡ ಬೇರೆ ಇದೆ." ಲೋಟವನ್ನು ಮೇಜಿನ ಮೇಲಿಟ್ಟಳು. "ಆ ಆಸೆ ಎಲ್ಲಿಂದ ಬಂತು ಅಂತ ಇವತ್ತು ಯೋಚನೆ ಮಾಡ್ದೆ. ನೀವು ಕೊಟ್ಟಿದ್ದು. ನಿಮ್ಮ ಕಣ್ಣಿಗೆ ಏನು ಕಾಣುತ್ತೋ ಅಷ್ಟು ಹೇಳಿ ಸಾಕು, ನಾನು ನಂಬ್ತೀನಿ."

ನಂಬುತ್ತೇನೆ ಎಂದಳು. ಇದಕ್ಕಿಂತ ಕೆನ್ನೆಗೆ ಎರಡು ಬಾರಿಸಿ ಹೋಗಿದ್ದರೆ ಅವನು ಸಂಜೆಯೊಳಗೆ ಮರೆಯುತ್ತಿದ್ದ. ಅವಳು ಹೋದ ಮೇಲೆ ಆ ಲೋಟವನ್ನು ಮುಟ್ಟಲಾಗದೆ ಎರಡು ದಿನ ಅಲ್ಲೇ ಬಿಟ್ಟ. ಅವಳ ತುಟಿಯದೋ ತನ್ನದೋ ಗೊತ್ತಾಗದ ಗುರುತು ಅಂಚಿನಲ್ಲಿ ಒಣಗಿತು. ಕಣ್ಣಿನ ಡಾಕ್ಟರು ವರ್ಷಕ್ಕೊಮ್ಮೆ ಅವನ ರೆಪ್ಪೆ ಎಳೆದು ದೀಪ ಬಿಟ್ಟು ನೋಡಿ, "ಹದ್ದಿನ ಕಣ್ಣು ಸ್ವಾಮಿ ನಿಮ್ಮದು" ಎಂದು ಬೆನ್ನು ತಟ್ಟುತ್ತಾರೆ. ಹದ್ದು ಎಷ್ಟೆಲ್ಲಾ ಮೇಲೆ ಹಾರಿದರೂ ನೋಡುವುದು ನೆಲದ ಮೇಲಿನ ಹೆಣವನ್ನೇ ಎಂದು ಅವರು ಹೇಳುವುದಿಲ್ಲ, ಫೀಸು ಕೊಟ್ಟವರಿಗೆ ಹಾಗೆ ಹೇಳುವ ರೂಢಿಯೂ ಇಲ್ಲ.

ಷಡ್ಡಕರು ಬಂದಾಗ ಯಂತ್ರದ ಅಂಕಿ ಇಳಿಯುತ್ತಿತ್ತು. ಆರುನೂರಿದ್ದದ್ದು ನಾನೂರೈವತ್ತಾಗಿತ್ತು. ಅವರು ಇಸ್ತ್ರಿಯ ಕಾವು ಆರದ ಕೋಟು ಹಾಕಿದ್ದರು, ಕುತ್ತಿಗೆಗೆ ಮೆತ್ತಿದ ಅತ್ತರು ಬೆವರಿನ ಜೊತೆ ಸೇರಿ ಹಳಸಿದ ಹಣ್ಣಿನ ವಾಸನೆ ಬರುತ್ತಿತ್ತು. ಕುರ್ಚಿಯ ತೋಳಿನ ಮೇಲೆ ಕೂತರು, ಕೂತು ಅವನ ಭುಜದ ಮೇಲೆ ಕೈಯಿಟ್ಟರು. ಕೈ ಭಾರವಾಗಿತ್ತು, ತೇವವಾಗಿತ್ತು.

"ಮೋಡಪ್ಪ, ಹೆಚ್ಚೇನೂ ಹೇಳಲ್ಲ. ಹೆಣ್ಣು ಹೆತ್ತವನು ನಾನು. ನಿನಗೂ ಒಬ್ಬಳಿದಾಳೆ, ನಾಳೆ ನಿನಗೂ ಗೊತ್ತಾಗುತ್ತೆ. ಅವರು ದೊಡ್ಡ ಜನ, ಎರಡು ಸಲ ಬರ್ತೀವಿ ಅಂದು ಬಂದಿಲ್ಲ. ಇವತ್ತು ಬಂದಿಲ್ಲ ಅಂದ್ರೆ ಇನ್ನು ಬರಲ್ಲ. ನಿನ್ನ ಅತ್ತಿಗೆ ಅಲ್ಲಿ ಬಾಗಿಲಲ್ಲೇ ನಿಂತಿದಾಳೆ."

"ಮೋಡ ಇಳೀತಿದೆ ಸಾರ್."

"ಇಳೀಲಿ, ವಿಮಾನವೂ ಇಳಿಯೋಕೇ ಬರ್ತಿರೋದು." ತಮ್ಮ ಮಾತಿಗೆ ತಾವೇ ನಕ್ಕರು, ನಗು ಕೆಮ್ಮಾಯಿತು, ಕೆಮ್ಮಿದ್ದನ್ನು ಕರವಸ್ತ್ರದಲ್ಲಿ ಹಿಡಿದು, ಬಿಚ್ಚಿ ನೋಡಿ, ಮಡಿಸಿ ಕೋಟಿನ ಜೇಬಿಗಿಟ್ಟರು. "ಎತ್ತರ ಯಂತ್ರದ್ದು, ಅದನ್ನ ನಾನು ಕೇಳ್ತಿಲ್ಲ. ಪಾಲು ನಿನ್ನದು. ಉಂಡ ಮನೆ ಜಂತೆ ಎಣಿಸೋನಲ್ಲ ನೀನು, ನಂಗೊತ್ತು." ಹೋಗುವಾಗ ಮತ್ತೊಮ್ಮೆ ಭುಜ ತಟ್ಟಿದರು. ಅವನಿಗೆ ಅವರ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ ಒಂದು ಕ್ಷಣ ಮೈಯೆಲ್ಲಾ ಹಗುರಾಯಿತು. ಇಂದು ಐದು ಎನ್ನುತ್ತೇನೆ, ಆರು ಎನ್ನುತ್ತೇನೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ ಎಂದುಕೊಂಡು ಎದ್ದ. ಈ ಧೈರ್ಯ ಆ ಪೈಲಟ್ ಹೆಂಗಸಿಗಾಗಿ ಬಂದದ್ದೋ, ಅಲ್ಲಿ ಬಾಗಿಲಲ್ಲಿ ನಿಂತ ಅತ್ತಿಗೆಯ ಮುಖ ಕಪ್ಪಿಡುವುದನ್ನು ನೋಡುವ ಆಸೆಗೋ ಎಂದು ಮೆಟ್ಟಿಲಿಳಿಯುತ್ತಾ ಒಂದು ಅನುಮಾನ ಬಂತು. ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟ.

ಹೊರಗೆ ಹುಲ್ಲು ಒದ್ದೆಯಾಗಿತ್ತು. ಆಕಾಶ ನೋಡುವ ಸರಿಯಾದ ಕ್ರಮವೆಂದರೆ ಗೋಡೆ, ಮರ ಯಾವುದೂ ಅಡ್ಡ ಬಾರದ ಕಡೆ ನಿಂತು ನಾಲ್ಕೂ ದಿಕ್ಕಿಗೆ ತಿರುಗಿ ನೋಡುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಅಂಗಾತ ಮಲಗಿಯೇ ನೋಡುತ್ತಿದ್ದ. ಹಾಗೆ ಮಲಗಿದರೆ ಆಕಾಶ ಒಂದು ಬಟ್ಟೆಯ ಹಾಗೆ ಹರಡಿ, ಎಲ್ಲಿ ಮಡಿಸಿದರೆ ಎಂಟು ಪಾಲಾಗುತ್ತದೆಂದು ಅಪ್ಪನ ಕಣ್ಣಿಗೆ ಹೊಳೆದಂತೆ ಅವನ ಕಣ್ಣಿಗೂ ಹೊಳೆಯುತ್ತಿತ್ತು. ಇಂದೂ ಮಲಗಿದ. ಬೆನ್ನಿಗೆ ತಣ್ಣಗೆ ಕೆಸರು ಹತ್ತಿತು, ಕಿವಿಯ ಪಕ್ಕದಲ್ಲಿ ಏನೋ ಹುಳ ಹರಿಯಿತು. ಗಮನವಿಟ್ಟು ನೋಡಿದ. ಮೋಡ ಇತ್ತು. ತಳ ಹರಿದು ಜೋಲುತ್ತಿದ್ದ, ಪಾತ್ರೆ ಒರೆಸಿದ ಬಟ್ಟೆಯ ಬಣ್ಣದ ಮೋಡ. ನಡುನಡುವೆ ತೆರವೂ ಇತ್ತು, ಆ ತೆರವಿನಲ್ಲಿ ತೆಳ್ಳಗೆ ನೀಲಿಯೂ ಇತ್ತು. ಮೂಡಣ ಕಡೆ ಎರಡು ಪಾಲು, ಗುಡ್ಡದ ಮೇಲೆ ಒಂದು, ನೆತ್ತಿಯಲ್ಲಿ ಅರ್ಧ, ಅಲ್ಲಿ ಅರ್ಧ. ನಾಲ್ಕು. ಮತ್ತೆ ಎಣಿಸಿದ, ಪಡುವಣದಿಂದ ಶುರುಮಾಡಿ. ನಾಲ್ಕು. ಕಣ್ಣು ಮುಚ್ಚಿ, ಉಜ್ಜಿ, ತೆರೆದು ನೋಡಿದ. ನಾಲ್ಕು.

ಅವನಿಗೆ ನಗು ಬಂತು. ಒಮ್ಮೆ ನಿಜ ಹೇಳೋಣವೆಂದು ಹೊರಟರೆ ನಿಜವೇ ನಾಲ್ಕಾಗಿ ಕೂತಿದೆ! ಆದರೆ ಆ ನಗು ಅರ್ಧಕ್ಕೇ ನಿಂತಿತು. ನೋಡುತ್ತಿರುವುದು ಕಣ್ಣೋ ಬಾಯೋ? ಮೂರನೆಯ ಪಾಲು ಮುಗಿದು ನಾಲ್ಕಕ್ಕೆ ಬರುವಾಗ ಒಳಗೆ ಏನೋ ಗೂಡು ಸೇರಿದ ಹಾಗೆ ಸುಮ್ಮನಾಗುತ್ತಿತ್ತು, ಮುಂದೆ ಎಣಿಸುವುದಕ್ಕೆ ಮನಸ್ಸೇ ಏಳುತ್ತಿರಲಿಲ್ಲ. ಒಳಗಿನ ಗೆರೆಗಾಗಿ ತಡಕಾಡಿದ, ಕತ್ತರಿಯ ಅಳತೆಗಾಗಿ. ಅಲ್ಲಿ ಏನೂ ಇರಲಿಲ್ಲ. ಎದ್ದು ಕೂತ. ಪ್ರಯಾಣಿಕರ ಕಟ್ಟಡದ ಹಿಂದುಗಡೆ ಕಸ ಗುಡಿಸುವ ಹೆಂಗಸು ಬಕೆಟ್ಟಿನ ಕೊಳೆನೀರನ್ನು ಚೆಲ್ಲಲು ಬಂದವಳು ಅವನನ್ನು ಕಂಡು ಬೆಪ್ಪಾಗಿ ನಿಂತಿದ್ದಳು.

"ಏನ್ ಸಾರ್, ಬಿದ್ರಾ?"

"ಇಲ್ಲಮ್ಮ. ಒಂದು ಮಾತು ಹೇಳು. ಮೇಲೆ ನೋಡು. ಆಕಾಶದಲ್ಲಿ ಮೋಡ ಅರ್ಧಕ್ಕಿಂತ ಹೆಚ್ಚಿದೆಯಾ, ಕಡಿಮೆ ಇದೆಯಾ?"

ಅವಳು ಮೇಲೆ ನೋಡಲಿಲ್ಲ. ಅವನ ಮುಖ ನೋಡಿದಳು, ಆಮೇಲೆ ಮ್ಯಾನೇಜರ ಕೋಣೆಯ ಕಿಟಕಿಯ ಕಡೆ ನೋಡಿದಳು. "ನಿಮಗೆಷ್ಟು ಬೇಕೋ ಹೇಳಿ ಸಾರ್, ಅಷ್ಟೇ ಇದೆ ಅಂತೀನಿ. ನಮ್ಮನ್ನ ಯಾಕೆ ಸಿಕ್ಕಿಸ್ತೀರಾ? ಸಾಹೇಬ್ರು ಬೆಳಿಗ್ಗೆನೇ ಹೇಳಿದಾರೆ, ಇವತ್ತು ವಿಮಾನ ಇಳಿಯುತ್ತೆ, ಎಲ್ಲಾ ಚೊಕ್ಕಟ ಇರಲಿ ಅಂತ." ಬಕೆಟ್ಟು ಕವುಚಿ ಹೋದಳು. ಕೊಳೆನೀರು ಹುಲ್ಲಿನೊಳಗಿಂದ ಹರಿದು ಅವನ ಬೂಟಿನ ತನಕ ಬಂತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಬಾಯಲ್ಲಿ ಕೇಳಿದ್ದು ತನ್ನದೇ ಮಾತು, ಬರಿಯ ಕೆಲಸದ ಭಾಷೆ ತೆಗೆದು ಹೇಳಿದ್ದಳು.

ಕೋಣೆಗೆ ಮರಳುವಷ್ಟರಲ್ಲಿ ಯಂತ್ರ ಮುನ್ನೂರಕ್ಕೆ ಇಳಿದಿತ್ತು, ಡಬ್ಬಿ ಕಿರುಚುತ್ತಿತ್ತು. "ಗುರುಗಳೇ, ಎಲ್ಲಿ ಹೋಗಿದ್ರಿ? ವಿಮಾನ ಹತ್ತಿರ ಬಂತು. ಆ ಮೇಡಮ್ಮೇ ಇವತ್ತು. ಎಷ್ಟು ಮುಚ್ಚಿದೆ ಕೇಳ್ತಿದಾರೆ. ನೋಡಿದವರು ಯಾರು, ಕೆಳಗಡೆ ಕೋಣೆಯವರೇನಾ ಅಂತಲೂ ಕೇಳಿದ್ರು. ಹೌದು ಅಂದೆ. ಹಾಗಾದ್ರೆ ಸರಿ ಅಂದ್ರು."

ಹಾಗಾದರೆ ಸರಿ! ಅವನು ಗುಂಡಿ ಒತ್ತಿ ಬಾಯಿ ತೆರೆದ. ನಾಲ್ಕು ಎನ್ನಬೇಕು. ಮಲಗಿ ನೋಡಿದ್ದೇನೆ, ಎರಡೂ ಕಡೆಯಿಂದ ಎಣಿಸಿದ್ದೇನೆ, ಕಂಡದ್ದು ನಾಲ್ಕೇ. ಇದು ದಾಕ್ಷಿಣ್ಯದ ನಾಲ್ಕಲ್ಲ, ಎಷ್ಟೋ ವರ್ಷದ ಮೇಲೆ ಪ್ರಾಮಾಣಿಕವಾಗಿ ಕಂಡ ನಾಲ್ಕು. ಷಡ್ಡಕರ ಮಾನವೂ ಉಳಿಯುತ್ತದೆ, ತನ್ನದೂ ಉಳಿಯುತ್ತದೆ. ಆದರೆ ಆ ಮಾತು ನಾಲಿಗೆಗೆ ಬರುವಾಗಲೇ ಎಂಜಲಾಗಿತ್ತು. ಷಡ್ಡಕರು ಹಲ್ಲು ಕೆದಕಿದ ಕಡ್ಡಿಯನ್ನೇ ಬಾಯಿಗಿಟ್ಟುಕೊಂಡ ಹಾಗೆ, ಬೆಳಿಗ್ಗೆ ಸಿಂಕಿನ ಹತ್ತಿರ ಬಂದ ವಾಕರಿಕೆಯೇ ಮತ್ತೆ ಬಂತು. ಐದು ಎನ್ನೋಣವೆಂದರೆ ಅದನ್ನು ಅವನು ಕಂಡಿರಲಿಲ್ಲ. ಅದೂ ಸುಳ್ಳೇ, ಹೊಟ್ಟೆಕಿಚ್ಚಿನ ಸುಳ್ಳು.

"ಗುರುಗಳೇ? ಕೇಳಿಸ್ತಿದೆಯಾ?"

"ಗೊತ್ತಿಲ್ಲ" ಎಂದ.

"ಏನು ಗೊತ್ತಿಲ್ಲ?"

"ಎಷ್ಟು ಮುಚ್ಚಿದೆ ಅಂತ ನನಗೆ ಗೊತ್ತಾಗ್ತಿಲ್ಲ. ಹಾಗೇ ಹೇಳು."

"ಹಾಗಂತ ಹೇಳೋಕೆ ಬರುತ್ತಾ? ಸಾಹೇಬ್ರಿಗೆ ಏನು ಹೇಳಲಿ ನಾನು?"

"ನಾನು ಹಾಗಂದೆ ಅಂತ ಹೇಳು."

ಮೇಲಿನ ಕೋಣೆಯಲ್ಲಿ ಟವರಿನವನು ಮಾತಾಡುವ ಗುಸುಗುಸು ಮರದ ಅಟ್ಟದಿಂದ ಇಳಿದು ಬರುತ್ತಿತ್ತು. ಅವನು ಪರದೆಯ ಮೇಲಿನ ಕಲೆಯನ್ನೇ ನೋಡುತ್ತಾ ಕೂತ. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿಯಿಂದ ದನಿ ಬಂತು, ಈ ಸಲ ತಗ್ಗಿ. "ತಿರುಗ್ತಾರಂತೆ. ಗೊತ್ತಿಲ್ಲ ಅಂದ್ರೆ ಮುಚ್ಚಿದೆ ಅಂತಲೇ ಲೆಕ್ಕ, ನಾನು ಇಳಿಯಲ್ಲ ಅಂದ್ರು. ಬೇರೆ ಊರಿಗೆ ದಾರಿ ಸಿಗೋವರೆಗೆ ಮೇಲೇ ಎರಡು ಸುತ್ತು ಹಾಕಿ ಹೋಗ್ತಾರಂತೆ. ಮತ್ತೆ ನಿಮಗೆ ಥ್ಯಾಂಕ್ಸ್ ಹೇಳಿ ಅಂದ್ರು."

ಆ ಥ್ಯಾಂಕ್ಸ್ ಕೇಳಿ ಅವನ ಮುಖ ಬಿಸಿಯಾಯಿತು. ಏನೋ ದೊಡ್ಡ ಸತ್ಯವಂತನಿಗೆ ಹೇಳಿದ ಹಾಗೆ! ಕೂತಿರಲಾಗದೆ ಮತ್ತೆ ಕೆಳಗಿಳಿದು ಹುಲ್ಲಿಗೆ ಬಂದ. ತಾನು ಮಲಗಿದ್ದ ಜಾಗದಲ್ಲಿ ಹುಲ್ಲು ಚಪ್ಪಟೆಯಾಗಿ ಮನುಷ್ಯನ ಆಕಾರ ಬಿದ್ದಿತ್ತು. ಅಷ್ಟರಲ್ಲಿ ಸದ್ದು ಬಂತು. ಮೂಡಣದಿಂದ, ಮೊದಲು ತೆಳ್ಳಗೆ, ಆಮೇಲೆ ಎದೆಗೂಡಿನಲ್ಲಿ ಗುಂಯ್ ಎನ್ನುವಷ್ಟು. ಅವನು ತಲೆಯೆತ್ತಿ ತೆರವುಗಳಲ್ಲಿ ಕಣ್ಣಿಟ್ಟು ಕಾದ. ನಾಲ್ಕು ಪಾಲು ತೆರೆದ ಆಕಾಶದಲ್ಲಿ ಇಷ್ಟು ದೊಡ್ಡ ವಿಮಾನ ಒಂದು ಕಡೆಯಲ್ಲಾದರೂ ಕಾಣಲೇಬೇಕು. ಸದ್ದು ಮೊದಲ ತೆರವಿನ ನೇರಕ್ಕೆ ಬಂತು. ಏನೂ ಕಾಣಲಿಲ್ಲ. ನೆತ್ತಿಗೆ ಬಂತು, ಅಲ್ಲಿ ಎಲ್ಲಕ್ಕಿಂತ ಅಗಲವಾದ ನೀಲಿ ಇತ್ತು, ಅಲ್ಲೂ ಏನೂ ಕಾಣಲಿಲ್ಲ. ಗುಡ್ಡದ ಕಡೆ ಹೋಯಿತು, ತಿರುಗಿತು, ಮತ್ತೆ ಇಡೀ ಬಯಲನ್ನು ಈ ತುದಿಯಿಂದ ಆ ತುದಿಗೆ ದಾಟಿತು. ರೆಕ್ಕೆಯ ಒಂದು ಚೂರು ಕಾಣಲಿಲ್ಲ, ನೆರಳು ಕಾಣಲಿಲ್ಲ, ದೀಪದ ಮಿಣುಕು ಕಾಣಲಿಲ್ಲ. ಸದ್ದು ದೂರವಾಗುತ್ತಾ ಹೋದಂತೆ ಅವನಿಗೆ ಅರ್ಥವಾಯಿತು. ಅವನು ನೀಲಿ ಎಂದುಕೊಂಡದ್ದು ನೀಲಿಯಲ್ಲ, ಇನ್ನೊಂದು ಮೋಡ, ತುಸು ತಿಳಿಯಾದದ್ದು. ತೆರವೆಂಬುದೇ ಇರಲಿಲ್ಲ. ಮುಚ್ಚಿದ್ದು ಎಂಟಕ್ಕೆ ಎಂಟು. ಒಂದು ಉಸಿರಿನ ಹಿಂದೆ ಅದನ್ನು ಅವನು ನಾಲ್ಕೆಂದು ಆಣೆಯಿಟ್ಟು ಹೇಳುವುದರಲ್ಲಿದ್ದ, ಅವಳು ನಂಬಿ ಇಳಿಯುವುದರಲ್ಲಿದ್ದಳು, ಮತ್ತು ಗುಡ್ಡ ಅಲ್ಲೇ ಇತ್ತು. ಹುಲ್ಲಿನಲ್ಲಿ ಕೂತು ಅವನು ವಾಂತಿ ಮಾಡಿಕೊಂಡ.

ಬಾಯಿ ಒರೆಸಿಕೊಳ್ಳುವಾಗ ಪಕ್ಕದಲ್ಲಿ ಅತ್ತರಿನ ವಾಸನೆ ಬಂತು. ಷಡ್ಡಕರು ಯಾವಾಗ ಬಂದು ನಿಂತಿದ್ದರೋ. ಕೋಟಿನ ಗುಂಡಿ ಬಿಚ್ಚಿತ್ತು, ಫೋನು ಕೈಯಲ್ಲಿ ಗುನುಗುತ್ತಲೇ ಇತ್ತು, ಅದನ್ನು ಎತ್ತಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

"ಎಣಿಸಿಬಿಟ್ಟೆಯಲ್ಲೋ ಜಂತೆ" ಎಂದರು. ದನಿಯಲ್ಲಿ ಅವನು ಎದುರುನೋಡಿದ್ದ ಸಿಟ್ಟಿರಲಿಲ್ಲ. ಮುದುಕನ ದನಿಯಿತ್ತು. "ಮಗಳಿಗೆ ಏನಂತ ಹೇಳಲಿ?" ಅವನು ಮಾಡಿಕೊಂಡ ಹೊಲಸನ್ನು ನೋಡಿ, ಅದೇ ಕರವಸ್ತ್ರವನ್ನು ಜೇಬಿನಿಂದ ತೆಗೆದು ಅವನಿಗೆ ಚಾಚಿದರು. ಅವನು ತೆಗೆದುಕೊಂಡು ಬಾಯಿ ಒರೆಸಿಕೊಂಡ. "ಇರಲಿ. ಆದದ್ದಾಯಿತು. ನಿಜ ಹೇಳು, ಇಲ್ಲಿ ಯಾರೂ ಇಲ್ಲ. ಎಷ್ಟಿತ್ತು?"

"ಎಂಟು, ಭಾವ."

ಗೇಟಿನ ಒಳಗೆ ಮೊದಲ ಸಲ ಹಾಗೆ ಕರೆದಿದ್ದ. ಅವರು ಅದನ್ನು ಗಮನಿಸಲಿಲ್ಲ. ತಲೆಯೆತ್ತಿ ನೋಡಿ, "ನನಗೂ ಅರ್ಧ ತೆರೆದ ಹಾಗೇ ಕಾಣ್ತಿತ್ತಲ್ಲೋ" ಎಂದು ಗೊಣಗಿ, ಫೋನನ್ನು ಕಿವಿಗಿಟ್ಟುಕೊಳ್ಳುತ್ತಾ ಕಟ್ಟಡದ ಕಡೆ ನಡೆದರು. ಮೇಲಿನಿಂದ ಟವರಿನವನು ಕಿಟಕಿ ತೆಗೆದು ಬಾಗಿ ಕೂಗಿದ.

"ಗುರುಗಳೇ, ಸಂಜೆ ವಿಮಾನದವರು ಈಗಲೇ ಕೇಳ್ತಿದಾರೆ. ಈಗ ಎಷ್ಟಿದೆ?"

ಅವನು ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತ. ಸದ್ದು ಎಲ್ಲೆಲ್ಲಿ ದಾಟಿತ್ತೋ ಅಲ್ಲಲ್ಲಿಗೇ ಕಣ್ಣು ಒಯ್ದು, ಒಂದೊಂದೇ ಪಾಲನ್ನು, ಅವಸರವಿಲ್ಲದೆ, ನಾಲಿಗೆ ಕಚ್ಚಿಕೊಂಡು ಎಣಿಸಿದ. ನಾಲ್ಕೇ ಕಂಡಿತು.